ಕಲಘಟಗಿಯ ಸಿದ್ದಿಗಳ ಕೌದಿ ಹೇಳೋ ಇತಿಹಾಸ



ಧಾರವಾಡದ ಸೂಜಿ-ದಾರ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಕಸೂತಿ. ಇಳಕಲ್ ಸೀರೆ ಮೇಲೆ ಗೋಪುರ, ತೇರು, ಆನೆ. ಇವತ್ತು ನಾನು ಹೇಳೋದು ಕೌದಿ ಕಥೆ. ನಮ್ಮ ಕಡೆ ಕೌದಿ ಇಲ್ಲದ ಮನೆ ಯಾವುದಿದೆ ಹೇಳ್ರಿ? ಆದರೆ ಕಲಘಟಗಿ ತಾಲ್ಲೂಕಿನ ಸಿದ್ದಿ ಮನೆಗಳ ಕೌದಿ ಹಿಂದೆ ದೊಡ್ಡ ಇತಿಹಾಸ ಇದೆ.

ಸಿದ್ದಿಗಳ ಪೂರ್ವಜರು ಪೂರ್ವ ಆಫ್ರಿಕಾದವರು. 16ನೇ ಶತಮಾನದಿಂದ ಪೋರ್ಚುಗೀಸರು ಅವರಲ್ಲಿ ಹಲವರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಇತ್ತ ಕಲಘಟಗಿ, ಹೀಗೆ ನೆಲೆ ನಿಂತರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಕೌದಿ ಮಾತ್ರ ಮೂರೂ ಕಡೆ ಇದೆ. ಅವರು ಅದನ್ನು ಕವಂದಿ ಅಂತಲೂ ಕರೀತಾರೆ.

ಹೊಲಿಯೋದು ಹೆಂಗ ಗೊತ್ತಾ? ಅಡಿಗೆ ಒಂದು ಹಳೆ ಸೀರೆ ಹಾಸ್ತಾರೆ. ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ಹಳೆ ಬಟ್ಟೆ ತುಂಡು ಇಟ್ಟು ಕೈಯಲ್ಲೇ ಹೊಲೀತಾರೆ. ಸುತ್ತು ಸುತ್ತಾಗಿ ನಡುವಿಗೆ ಬರ್ತಾರೆ. ಮನೆಯವರು ಉಟ್ಟು ಸವೆಸಿದ ಬಟ್ಟೆಯೆಲ್ಲ ಅದರೊಳಗೆ ಸೇರುತ್ತೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣಿಸೋದುಂಟು. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡು ಇಡ್ತಾರೆ. ಅದಕ್ಕೆ 'ಫೂಲ', ಅಂದರೆ ಹೂವು ಅಂತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಇದ್ದಂಗೆ ಅನ್ನೋದು ಅವರ ನಂಬಿಕೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. ಅಲ್ಲಿನ ಮ್ಯೂಸಿಯಂಗಳಲ್ಲೂ ಇವು ಪ್ರದರ್ಶನ ಆದವು.

ಈಗ ಊರಿನ ವಿಷಯಕ್ಕೆ ಬರೋಣ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಆದರೆ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ! ಯೋಚನೆ ಮಾಡ್ರಿ. ಅದೇ ಜನ, ಅದೇ ಕೌದಿ. ಜಿಲ್ಲೆಯ ಗಡಿ ಈಚೆ ಕಲಘಟಗಿಯಲ್ಲಿ ಹುಟ್ಟಿದ ಮಗುವಿಗೆ ಆ ಸರ್ಟಿಫಿಕೇಟ್ ಇಲ್ಲ. ಅಂದರೆ ಎಸ್‌ಟಿ ಸ್ಕಾಲರ್‌ಶಿಪ್ ಇಲ್ಲ, ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಆ ಮೀಸಲಾತಿ ಇಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳನ್ನು ಪಟ್ಟಿಗೆ ಸೇರಿಸೋ ಕಾನೂನು ಬಂದಿದ್ದು 2020ರಲ್ಲಿ. ನಡುವೆ 17 ವರ್ಷ! 2003ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಹುಡುಗಿ ಅಷ್ಟೊತ್ತಿಗೆ ಡಿಗ್ರಿನೇ ಮುಗಿಸೋ ವಯಸ್ಸು ದಾಟಿರ್ತಾಳೆ.

ನೀವು ಈ ನೆಲದವರು ಅಂತ ಕಾಗದ ಒಪ್ಪೋಕೆ ಅಷ್ಟು ತಡವಾಯ್ತು. ಆದರೆ ಕಾಗದಕ್ಕೆ ಕಾಯದೇ ಆ ಮನೆಗಳ ಹೆಣ್ಣುಮಕ್ಕಳು ಇಲ್ಲಿಯ ಸೀರೆ, ಧೋತರ, ಅಂಗಿ ತುಂಡುಗಳನ್ನೇ ಜೋಡಿಸಿ ಮಕ್ಕಳಿಗೆ ಹೊದಿಸುತ್ತಾ ಬಂದಿದ್ದರು.

ಇವತ್ತು ರಾತ್ರಿ ನಿಮ್ಮ ಮನೆ ಕೌದಿ ಒಮ್ಮೆ ಬಿಚ್ಚಿ ನೋಡ್ರಿ. ಯಾವ ತುಂಡು ಯಾರದು ಅಂತ ಅವ್ವನ್ನ, ಅಜ್ಜಿನ್ನ ಕೇಳ್ರಿ. ಮುಂದಿನ ವಾರ ಸಿಗೋಣ.