ಚೀಟಿಯಲ್ಲಿನ ಎರಡನೆಯ ಮಾತ್ರೆ

ಮೂಳೆ ವೈದ್ಯರ ಹೊರರೋಗಿ ವಿಭಾಗದಿಂದ ಮೊಣಕಾಲು ಹಿಡಿದುಕೊಂಡು ಹೊರಬರುವ ವೃದ್ಧೆಯ ಚೀಟಿಯನ್ನು ಇಸಿದುಕೊಂಡು ನೋಡಿದರೆ, ಊಟವಾದ ಮೇಲೆ ನುಂಗತಕ್ಕ ನೋವಿನ ಮಾತ್ರೆಯ ಜೊತೆಗೆ, ಬರಿ ಹೊಟ್ಟೆಯಲ್ಲಿ ನುಂಗತಕ್ಕ, ಜನರು ‘ಗ್ಯಾಸ್ ಮಾತ್ರೆ’ ಎನ್ನುವ ಇನ್ನೊಂದು ಪ್ರಾಯಶಃ ಇದ್ದೇ ಇರುತ್ತದೆ. ಮದ್ದಿಗೆ ಮದ್ದು ಬೇಕಾದ ಈ ಪದ್ಧತಿಯ ಬೇರು ಬಹು ಹಿಂದಿನದು.

1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿಯು, ವಿಲೋ ಮರದ ತೊಗಟೆಯ ಕಹಿಯು ಜ್ವರದ ಮದ್ದಾದ ಸಿಂಕೋನದ ಕಹಿಯನ್ನು ಹೋಲುವುದನ್ನು ನಾಲಗೆಯಿಂದಲೇ ಅರಿತು, ಆ ತೊಗಟೆಯನ್ನು ರೊಟ್ಟಿಯಂಗಡಿಯ ಒಲೆಯ ಹೊರಮೈಯಲ್ಲಿ ಮೂರು ತಿಂಗಳಿಗೂ ಮಿಕ್ಕಿ ಒಣಗಿಸಿ, ಪುಡಿಮಾಡಿ, ಸುಮಾರು 50 ಮಂದಿ ಜ್ವರಪೀಡಿತರಿಗೆ ಕೊಟ್ಟ ವೃತ್ತಾಂತವನ್ನು ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದನು. ಜೌಗುನೆಲದ ರೋಗಕ್ಕೆ ಜೌಗುನೆಲದಲ್ಲಿಯೇ ಮದ್ದಿರಬೇಕೆಂಬ ಅವನ ತರ್ಕ ಹುಸಿ; ಫಲ ಮಾತ್ರ ನಿಜ. ಆ ತೊಗಟೆಯ ಸತ್ವಕ್ಕೆ ಸಂಬಂಧಿಸಿದ, ಮುಂದಿನ ಶತಮಾನದಲ್ಲಿ ಸಂಧಿವಾತಕ್ಕೆ ರೂಢಿಗೆ ಬಂದ ಸ್ಯಾಲಿಸಿಲಿಕ್ ಆಮ್ಲವು ಕೀಲಿನ ಉರಿಯನ್ನು ತಗ್ಗಿಸಿ ಹೊಟ್ಟೆಯಲ್ಲಿ ಉರಿಯೆಬ್ಬಿಸಿತು. 1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದನ್ನು ಸೌಮ್ಯಗೊಳಿಸಿದನು. ಎರಡು ವರ್ಷಗಳಲ್ಲಿ ಆಸ್ಪಿರಿನ್ ಎಂಬ ಹೆಸರೂ ಬಂದಿತು. ತಂದೆಯ ಕೀಲುನೋವನ್ನು ನೋಡಲಾರದೆ ಮಗನು ಮಾಡಿದ ಕಾರ್ಯವಿದೆಂಬ ಕಥೆ ಕೇಳಲು ಇಂಪಾದುದೇ, ಆದರೆ ನನಗೆ ಅದರಲ್ಲಿ ಅಷ್ಟು ವಿಶ್ವಾಸವಿಲ್ಲ.

ಸೌಮ್ಯವೆನಿಸಿದ ಈ ಗುಳಿಗೆಯೂ ಹೊಟ್ಟೆಯನ್ನು ಕೆಡಿಸುವುದೇಕೆಂಬುದು ತಿಳಿದದ್ದು 1971ರಲ್ಲಿ, ಔಷಧವಿಜ್ಞಾನಿ ಜಾನ್ ವೇನ್ ಅದರ ಕಾರ್ಯರೀತಿಯನ್ನು ಬಯಲಿಗೆಳೆದಾಗ: ಅದು ತಡೆಯುವ, ನೋವನ್ನು ಹೆಚ್ಚಿಸುವ ದೇಹದ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳೇ ಜಠರದ ಒಳಪದರವನ್ನು ಕಾಯುವವೂ ಆದ್ದರಿಂದ, ಕಾಟವನ್ನು ಕಳೆಯಹೊರಟವನು ಕಾವಲನ್ನೂ ಕಳೆದುಕೊಳ್ಳುವನು. ಆ ತೊಡಕನ್ನು ತಪ್ಪಿಸಲೆಂದು ಬಂದ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯು, ಹೃದಯಾಘಾತದ ಅಪವಾದವನ್ನು ಹೊತ್ತು 2004ರಲ್ಲಿ ಮಾರುಕಟ್ಟೆಯಿಂದ ನಿರ್ಗಮಿಸಿತು. ಹೀಗಾಗಿ, ಜಠರದ ಆಮ್ಲವನ್ನು ತಗ್ಗಿಸಲು 1988ರಲ್ಲಿ ಬಂದ ಒಮೆಪ್ರಜೋಲ್ ಮತ್ತು ಅದರ ಸೋದರ ಔಷಧಗಳು ಆ ‘ಗ್ಯಾಸ್ ಮಾತ್ರೆ’ಯಾಗಿ ಚೀಟಿಯಲ್ಲಿ ನೆಲೆನಿಂತವು.

ಆದರೆ ಈ ಎರಡನೆಯ ಮಾತ್ರೆ ಎಲ್ಲರಿಗೂ ಬೇಕೆ? ರೋಗಿಗೆ ತಕ್ಕ ಔಷಧವು ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ದಿನ, ಕಡಮೆ ಬೆಲೆಗೆ ದೊರೆಯಬೇಕೆಂದು ಔಷಧ ಬಳಕೆಯನ್ನು ಕುರಿತ 1985ರ ನೈರೋಬಿ ಸಮ್ಮೇಳನವು ವಿವೇಚನೆಯ ಬಳಕೆಯ ಲಕ್ಷಣವನ್ನು ಹೇಳಿತು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಭೇಟಿಗೆ ಸರಾಸರಿ ಎಷ್ಟು ಔಷಧ, ಅವುಗಳಲ್ಲಿ ಜೆನೆರಿಕ್ ಹೆಸರಿನವೆಷ್ಟು, ಚುಚ್ಚುಮದ್ದು ಎಷ್ಟು ಮಂದಿಗೆ ಎಂದು ಚೀಟಿಗಳನ್ನು ಎಣಿಸುವ ಕ್ರಮವನ್ನು ಕಲಿಸಿತು. ಎಣಿಕೆ ಬೇಕು, ನಿಜ. ಆದರೆ ಹಿಂದೊಮ್ಮೆ ಹೊಟ್ಟೆಹುಣ್ಣಿನಿಂದ ಬಳಲಿದ ಮುದುಕಿಗೆ ರಕ್ಷೆಯಾಗಿ ಬರೆದ ಎರಡನೆಯ ಮಾತ್ರೆಯೂ, ಕಾಲು ಉಳುಕಿದ ಹುಡುಗನಿಗೆ ಮೂರು ದಿನಕ್ಕೆಂದು ವಾಡಿಕೆಯಿಂದ ಬರೆದದ್ದೂ ಅದರಲ್ಲಿ ಒಂದೇ ಅಂಕೆ. ಇನ್ನು, ಔಷಧದಂಗಡಿಯವನು ಮಾತ್ರೆಯ ಪಟ್ಟಿಯ ಬೆನ್ನಿಗೆ 1-0-1 ಎಂದು ಗೀಚಿ ಬೆಲೆ ಹೇಳಿದಾಗ, ಸೆರಗಿನ ಗಂಟು ಬಿಚ್ಚಿ ಎಣಿಸಿ ಸಾಲದೆಂದು ಕಂಡ ಮುದುಕಿ ಬೇಡವೆನ್ನುವುದು ಆ ಎರಡನೆಯದನ್ನೇ.