ಅರವತ್ತು ವೇಷದ ಜ್ವರ

ತೂಬಗೆರೆ. ಹೆಸರಲ್ಲೇ ತೂಬೂ ಇದೆ, ಕೆರೆಯೂ ಇದೆ. ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆಯ ಹಿಂದೆ ಚಳಿಜ್ವರ ಅನ್ನೋದು ಇವತ್ತು ಎಲ್ಲರಿಗೂ ಗೊತ್ತು. 1880ರ ದಶಕದ ಶುರುವಿನಲ್ಲಿ ಬೆಂಗಳೂರು ದಂಡಿನ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೇ ಗೊತ್ತಿರಲಿಲ್ಲ. ಬಂಗಲೆ ಕಿಟಕಿಯಾಚೆಯ ತೊಟ್ಟಿ ಖಾಲಿ ಮಾಡಿಸಿದ, ಸೊಳ್ಳೆ ಕಮ್ಮಿಯಾಯ್ತು, ಅಷ್ಟೇ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಡಿಡಿಟಿ ಹೊಡೆದು 1965ರ ಹೊತ್ತಿಗೆ ದೇಶದ ಪ್ರಕರಣಗಳನ್ನ ಸುಮಾರು 1 ಲಕ್ಷಕ್ಕೆ ಇಳಿಸಿದ್ವಿ. 1976ರಲ್ಲಿ ಅದು 64 ಲಕ್ಷ! ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತ್ತು, ಸರಿ. ಆದ್ರೆ ಸಿಡುಬಿನ ಹಾಗೆ ಒಮ್ಮೆ ಬಂದದ್ದು ಮತ್ತೆ ಬರದಂತೆ ನಮ್ಮ ಮೈಯಾದ್ರೂ ಯಾಕೆ ತಡೆಯಲಿಲ್ಲ?

ಯಾಕಂದ್ರೆ ಇದು ಹಗಲುವೇಷದ ಆಸಾಮಿ. ಮೊದಲು ಲಿವರ್‌ನಲ್ಲಿ, ಆಮೇಲೆ ಕೆಂಪು ರಕ್ತಕಣದಲ್ಲಿ ಅಡಗುತ್ತೆ. ಫಾಲ್ಸಿಪೇರಮ್ ಅನ್ನೋ ಜಾತಿ ಆ ಕಣದ ಮೇಲೆ ಅಂಟು ಪ್ರೋಟೀನ್ ಮೂಡಿಸಿ, ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತೆ. ತೇಲುತ್ತಾ ಗುಲ್ಮಕ್ಕೆ ಹೋದ್ರೆ ಸೋಸಿ ಕೊಂದುಬಿಡುತ್ತೆ. ನಮ್ಮ ಪ್ರತಿಕಾಯಗಳು ಆ ಪ್ರೋಟೀನಿನ ಗುರುತು ಹಿಡಿಯೋಷ್ಟರಲ್ಲಿ ಕೆಲವು ಪರಾವಲಂಬಿಗಳು ಬೇರೆ ವೇಷ ಹಾಕಿರುತ್ತವೆ. ಪೆಟ್ಟಿಗೆಯಲ್ಲಿ ಸುಮಾರು 60 ಜೀನ್, ಒಂದು ಸಲಕ್ಕೆ ಒಂದೇ ಹೊರಗೆ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮೊದಲ ಲಸಿಕೆ, ಈ ವೇಷ ಶುರುವಾಗೋ ಮೊದಲೇ, ಲಿವರ್ ದಾರಿಯಲ್ಲೇ ಅಡ್ಡ ನಿಲ್ಲುತ್ತೆ. ಆದರೂ ರಕ್ಷಣೆ ಪೂರ್ತಿಯಲ್ಲ. ನಗರದ ಮಲೇರಿಯಾ ಸೊಳ್ಳೆಗೆ ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕೇ ಸಾಕು. ನಿಮ್ಮ ಅಪಾರ್ಟ್‌ಮೆಂಟಿನದು ಮುಚ್ಚಿದೆಯಾ?