ಉಸಿರಿನ ಲೆಕ್ಕ ತಿಳಿದ ಬಗೆ

ಪರೀಕ್ಷೆಯ ಭಯದಿಂದ ಏದುಸಿರು ಬಿಡುವ ವಿದ್ಯಾರ್ಥಿಗೆ ತಲೆ ಸುತ್ತುತ್ತದೆ, ಬೆರಳುಗಳು ಜುಮುಗುಡುತ್ತವೆ. 'ಜೋರಾಗಿ ಉಸಿರು ತಗೋ' ಎಂದು ನಾವು ಶಿಕ್ಷಕರು ಧೈರ್ಯ ಹೇಳುತ್ತೇವೆ. ಈ ಸಲಹೆ ಸರಿಯೇ?

ಉತ್ತರದ ಎಳೆ ಸಿಕ್ಕಿದ್ದು 1905ರಲ್ಲಿ. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದಲ್ಲೂ ಕಾರ್ನ್‌ವಾಲಿನ ಆಳವಾದ ಗಣಿಯಲ್ಲೂ ಶ್ವಾಸಕೋಶದ ಗಾಳಿಯನ್ನು ಪರೀಕ್ಷಿಸಿದರು. ವಾತಾವರಣದ ಒತ್ತಡ ಬದಲಾದರೂ ಕಾರ್ಬನ್ ಡೈಆಕ್ಸೈಡಿನ ಆಂಶಿಕ ಒತ್ತಡ ಬಹುಮಟ್ಟಿಗೆ ಸ್ಥಿರವಾಗಿತ್ತು: ಸುಮಾರು 40 ಮಿಲಿಮೀಟರ್ ಪಾದರಸ. ಅದು ತುಸು ಏರಿದರೂ ಉಸಿರಾಟ ಹೆಚ್ಚುತ್ತಿತ್ತು. ಸಾಮಾನ್ಯ ಸ್ಥಿತಿಯಲ್ಲಿ ಉಸಿರನ್ನು ನಿಯಂತ್ರಿಸುವುದು ಮುಖ್ಯವಾಗಿ ಆಕ್ಸಿಜನ್ ಅಲ್ಲ, ನಾವು ಕಲ್ಮಷವೆಂದು ಹೊರಹಾಕುವ ಈ ಅನಿಲ!

ಅತಿಯಾಗಿ ಉಸಿರಾಡಿದರೆ ಈ ಅನಿಲ ಕಡಿಮೆಯಾಗಿ ರಕ್ತದ ಕ್ಷಾರೀಯತೆ ಹೆಚ್ಚುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಆಗ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲೇ ತೋರಿಸಿದ್ದರು. ತಲೆ ಸುತ್ತುವುದು ಗಾಳಿ ಸಾಲದೆ ಅಲ್ಲ, ಹೆಚ್ಚಾಗಿ!

ಮೇಲುಸಿರಿನದು ಇನ್ನೊಂದು ದೋಷ. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಶ್ವಾಸನಾಳಗಳಲ್ಲೇ ಉಳಿಯುತ್ತದೆ. ನಿಮಿಷಕ್ಕೆ 15 ಬಾರಿ 500 ಮಿಲಿಲೀಟರಿನಂತೆ ಉಸಿರಾಡಿದರೆ ಗಾಳಿಗೂಡುಗಳಿಗೆ ತಲುಪುವುದು 5.25 ಲೀಟರ್. ಅದೇ 7.5 ಲೀಟರನ್ನು 30 ಬಾರಿ ಸೇದಿದರೆ ತಲುಪುವುದು ಕೇವಲ 3 ಲೀಟರ್. ಶ್ರಮ ಹೆಚ್ಚು, ಲಾಭ ಕಡಿಮೆ.

ಉಸಿರನ್ನು ತಿದ್ದಬಹುದೇ? ಬೆಂಗಳೂರಿನಲ್ಲಿ ಆರ್. ನಾಗರತ್ನ ಮತ್ತು ಎಚ್. ಆರ್. ನಾಗೇಂದ್ರ 53 ಆಸ್ತಮಾ ರೋಗಿಗಳಿಗೆ ಪ್ರಾಣಾಯಾಮವೂ ಸೇರಿದ ಯೋಗಾಭ್ಯಾಸ ಕಲಿಸಿ, ಅಷ್ಟೇ ಸಂಖ್ಯೆಯ ಬೇರೆ ರೋಗಿಗಳೊಡನೆ ಹೋಲಿಸಿದರು. ಅಭ್ಯಾಸ ಮಾಡಿದವರಲ್ಲಿ ಉಬ್ಬಸದ ದಾಳಿಗಳು ಹೆಚ್ಚು ಇಳಿದವು. ಈ ವರದಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆದರೆ ಯೋಗ ಔಷಧಿಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಔಷಧಿ ಬಿಡಬಾರದು.

ಆತಂಕ, ಬಾಗಿ ಕೂರುವ ರೂಢಿ, ಕಟ್ಟಿದ ಮೂಗು, ಸುಗ್ಗಿಯ ರಾಶಿಯ ಧೂಳು ಇವೆಲ್ಲ ಉಸಿರನ್ನು ಕೆಡಿಸುತ್ತವೆ. ಕುಳಿತಿದ್ದಾಗಲೂ ದಮ್ಮು ಹತ್ತಿದರೆ ಅಥವಾ ಎದೆ ನೋವು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮುರಗೋಡದ ಶಾಲೆಯಾಗಲಿ, ಬೆಂಗಳೂರಿನ ಕಾಲೇಜಾಗಲಿ, ಈ ಪ್ರಯೋಗಕ್ಕೆ ಗಡಿಯಾರವೊಂದಿದ್ದರೆ ಸಾಕು. ಸುಮ್ಮನೆ ಕುಳಿತ ಗೆಳೆಯನ ಉಸಿರನ್ನು ಒಂದು ನಿಮಿಷ ಎಣಿಸಿ. ಎಣಿಸುವುದು ಅವನಿಗೆ ತಿಳಿಯದಿರಲಿ, ತಿಳಿದರೆ ಉಸಿರು ಬದಲಾಗುತ್ತದೆ. ಬಳಿಕ ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ಮೆಲ್ಲಗೆ ಒಳಗೆಳೆದು ಇನ್ನೂ ಮೆಲ್ಲಗೆ ಹೊರಬಿಡಲು ಹೇಳಿ. ಮುಂದಿನ ಪರೀಕ್ಷೆಯ ದಿನ ನಾವು ಹೇಳಬೇಕಾದ ಮಾತೂ ಇದೇ: 'ಜೋರಾಗಿ ಅಲ್ಲ, ನಿಧಾನವಾಗಿ.'